ಆಟಿಕೆ ವ್ಯಾನ್ ಹಿಡ್ಕೊಂಡು ನಿಜವಾದ ವ್ಯಾನ್ ಓದೋದು ಹೇಗೆ?

ಹಳೇ ಡೈ-ಕಾಸ್ಟ್ ವ್ಯಾನ್ ಕೂಡಿಸೋದು ಅಂದ್ರೆ ಮಕ್ಕಳಾಟ ಅಂತ ಬಹಳ ಮಂದಿ ನಗ್ತಾರೆ. ಆದ್ರೆ ಈ ಬೆರಳುದ್ದದ ಗಾಡಿಯಲ್ಲಿ ನಮ್ಮ ಸಿಲಬಸ್‌ನ ಅರ್ಧ ಪಾಠ ಅಡಗಿದೆ. ಒಂದೊಂದಾಗಿ ನೋಡೋಣ.

1. ಮೊದಲು ತಳ ನೋಡ್ರಿ

ಕರಗಿದ ಲೋಹವನ್ನು ಒತ್ತಡದಿಂದ ಉಕ್ಕಿನ ಅಚ್ಚಿಗೆ ತುಂಬೋದೇ ಡೈ-ಕಾಸ್ಟಿಂಗ್. ಆಟಿಕೆಗೆ ಹೆಚ್ಚಾಗಿ ಬಳಸೋದು ಜಮಾಕ್, ಅಂದ್ರೆ ಸತುವಿನ ಜೊತೆ ಸುಮಾರು 4% ಅಲ್ಯೂಮಿನಿಯಂ. ಇದು 400 ಡಿಗ್ರಿ ಸೆಲ್ಸಿಯಸ್ ಒಳಗೇ ಕರಗುತ್ತೆ, ಹಂಗಾಗಿ ಅಚ್ಚು ಬಹಳ ವರ್ಷ ಬಾಳುತ್ತೆ. ಇಂಗ್ಲೆಂಡಿನ ಡಿಂಕಿ ಕಂಪನಿಯ ಹಳೇ ಅಚ್ಚುಗಳು ಕಲ್ಕತ್ತಕ್ಕೆ ಬಂದು, ಅದೇ ಗಾಡಿಗಳು 'ನಿಕಿ ಟಾಯ್ಸ್' ಹೆಸರಲ್ಲಿ ಹೊರಬಂದವು. ಆಕಾರ ಒಂದೇ, ತಳದಲ್ಲಿರೋ ಹೆಸರು ಬೇರೆ.

2. ಸ್ಕೇಲ್ ನೀವೇ ಲೆಕ್ಕ ಹಾಕ್ರಿ

1953ರಲ್ಲಿ ಶುರುವಾದ ಮ್ಯಾಚ್‌ಬಾಕ್ಸ್ ಗಾಡಿಗಳನ್ನು ಪೆಟ್ಟಿಗೆಗೆ ಹಿಡಿಸೋ ಹಂಗೆ ಮಾಡ್ತಿದ್ದರು. ಅದಕ್ಕೇ ಕಾರಿಗೊಂದು ಸ್ಕೇಲ್, ವ್ಯಾನ್‌ಗೊಂದು ಸ್ಕೇಲ್. ವರ್ನಿಯರ್ ಕ್ಯಾಲಿಪರ್ ತಗೊಂಡು ವೀಲ್‌ಬೇಸ್ ಅಳೀರಿ, ಅಂದ್ರೆ ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿನವರೆಗೆ. ಪೂರ್ತಿ ಉದ್ದ ಬೇಡ, ಯಾಕಂದ್ರೆ ಬಂಪರ್ ಬದಲಾದರೆ ಉದ್ದವೂ ಬದಲಾಗುತ್ತೆ.

ಹಳೇ ಫೋಕ್ಸ್‌ವ್ಯಾಗನ್ ವ್ಯಾನಿನ ವೀಲ್‌ಬೇಸ್ 2400 ಮಿ.ಮೀ. ಆಟಿಕೆಯಲ್ಲಿ 32 ಮಿ.ಮೀ. ಬಂತು ಅಂದ್ಕೊಳ್ಳಿ: 2400 ÷ 32 = 75. ಅಂದ್ರೆ ಸ್ಕೇಲ್ 1:75. ಮಾರುತಿ ಓಮ್ನಿಯದು 1840 ಮಿ.ಮೀ. '1:64 ಓಮ್ನಿ' ಅಂತ ಯಾರಾದರೂ ಮಾರಿದರೆ ಅದು 28.75 ಮಿ.ಮೀ. ಹತ್ತಿರ ಇರಬೇಕು.

3. ಸತುವಿನ ರೋಗ

ಜಮಾಕ್‌ನಲ್ಲಿ ಸೀಸ ಬೆರೆತಿದ್ದರೆ, ತೇವ ತಗುಲಿ ಲೋಹ ಒಳಗಿಂದಲೇ ಉಬ್ಬುತ್ತೆ, ಬಿರುಕು ಬಿಡುತ್ತೆ, ಕಡೆಗೆ ಪುಡಿಯಾಗುತ್ತೆ. ಎರಡನೇ ಮಹಾಯುದ್ಧಕ್ಕೂ ಮುಂಚಿನ ಗಾಡಿಗಳಲ್ಲಿ ಇದು ಹೆಚ್ಚು. ಔಷಧಿ ಇಲ್ಲ. ಒಣ ಜಾಗದಲ್ಲಿ, ಸಿಲಿಕಾ ಜೆಲ್ ಹಾಕಿ ಇಡಬೇಕು. ಹೊಸ ಬಣ್ಣ ಬಳಿದರೆ ಬಿರುಕು ಮುಚ್ಚುತ್ತೆ, ರೋಗ ನಿಲ್ಲಲ್ಲ.

4. ನಿಜವಾದ ಗಾಡಿ ಎಲ್ಲಿದೆ?

ಆಟಿಕೆ ಡಬ್ಬಿಯಲ್ಲಿ ಉಳೀತದೆ, ಬೀದಿಯ ಗಾಡಿ ಉಳಿಯಲ್ಲ. 1984ರಲ್ಲಿ ಬಂದ ಮಾರುತಿ ವ್ಯಾನ್, ಅಂದ್ರೆ ನಮ್ಮ ಓಮ್ನಿ, 2019ರಲ್ಲಿ ನಿಂತಿತು. 796 ಸಿಸಿ, ಮೂರು ಸಿಲಿಂಡರ್, ಇಂಜಿನ್ ಮುಂದಿನ ಸೀಟಿನ ಕೆಳಗೆ. ಭಾಲ್ಕಿ ತಾಲ್ಲೂಕಿನ ನಮ್ಮ ಸಾಯಗಾಂವ ಕಡೆ ಶಾಲೆ ಮಕ್ಕಳು, ಮದುವೆ ಮಂದಿ, ರಾತ್ರಿ ಹೊತ್ತಿನ ಬಾಣಂತಿ ಎಲ್ಲರಿಗೂ ಇಂಥದ್ದೇ ಗಾಡಿ. ಇವು ಒಂದೊಂದಾಗಿ ಗುಜರಿಗೆ ಹೋಗ್ತಿವೆ. ಆಮೇಲೆ ಆಟಿಕೆ ಸರಿ ಇದೆಯೋ ಇಲ್ಲವೋ ಅಂತ ಯಾವುದರ ಜೊತೆ ಹೋಲಿಸೋದು?

ಹಂಗಾಗಿ ಒಂದು ಕೆಲಸ ಕೊಡ್ತೀನಿ. ರಜೆಗೆ ಊರಿಗೆ ಹೋದಾಗ ಅಳತೆ ಟೇಪ್ ಒಯ್ಯಿರಿ. ಮಾಲೀಕರನ್ನ ಕೇಳಿ ಒಂದು ಹಳೇ ವ್ಯಾನಿನ ವೀಲ್‌ಬೇಸ್, ಅಗಲ, ಎತ್ತರ ಬರ್ಕೊಳ್ಳಿ. ನಾಲ್ಕೂ ಬದಿಯಿಂದ ಫೋಟೋ ತೆಗೀರಿ. ಅದು ಯಾರನ್ನ, ಎಲ್ಲೆಲ್ಲಿ ಹೊತ್ತೊಯ್ದಿದೆ ಅಂತಲೂ ಕೇಳ್ರಿ. ಆ ಮಾತು ಯಾವ ಆಟಿಕೆಯ ತಳದಲ್ಲೂ ಅಚ್ಚಾಗಿರಲ್ಲ.