ಒಂದು ದಿನ ಕಾಫಿ ಬಿಡಿಸು

ಸಕಲೇಶಪುರ

ಸುಮಂತ,

ನಿಮ್ಮಪ್ಪನ ಹೃದಯಕ್ಕೆ ಎಂಆರ್‌ಐ ಬರೆದುಕೊಟ್ಟಿದ್ದಾರೆ, ನೇರವಾಗಿ ಆಂಜಿಯೋಗ್ರಾಂ ಯಾಕೆ ಮಾಡಬಾರದು ಅಂತ ಕೇಳಿದ್ದೀಯ. ನನಗೂ ಆ ಎಂಆರ್‌ಐ ಆಗಿದೆಯಲ್ಲ, ತಿಳಿದಷ್ಟು ಹೇಳುತ್ತೇನೆ.

ಆಂಜಿಯೋಗ್ರಾಂ ತೋರಿಸುವುದು ರಕ್ತನಾಳ ಎಲ್ಲಿ ಕಿರಿದಾಗಿದೆ ಅನ್ನುವುದನ್ನು. ಅದರಿಂದ ಹೃದಯದ ಸ್ನಾಯುವಿಗೆ ರಕ್ತ ಸಾಲದೆ ಹೋಗಿದೆಯೇ ಅನ್ನುವುದು ಬೇರೆ ಪ್ರಶ್ನೆ. ತೋಟದ ಸ್ಪ್ರಿಂಕ್ಲರ್ ನೋಡಿಲ್ಲವೇ? ಒಂದೆರಡು ಜೆಟ್ ತಿರುಗುವಾಗ ಪೈಪಿನ ಕಸ ಗೊತ್ತಾಗುವುದಿಲ್ಲ. ಎಲ್ಲವನ್ನೂ ತೆರೆದಾಗ ಸೊರಗುವ ಸಾಲು ಯಾವುದೆಂದು ಕಾಣುತ್ತದೆ. ನಿಮ್ಮಪ್ಪನಿಗೆ ಅಂಗಳದಲ್ಲಿ ಓಡಾಡುವಾಗ ಏನೂ ಆಗದೆ, ತೋಟದ ಏರು ಹತ್ತುವಾಗ ಮಾತ್ರ ಎದೆ ಬಿಗಿಯುವುದೂ ಹೀಗೇ.

ಎಂಆರ್‌ಐಯಲ್ಲಿ ಆ ಏರನ್ನು ಮಲಗಿದಲ್ಲೇ ಹತ್ತಿಸುವುದು ಅಡೆನೊಸಿನ್ ಎಂಬ ಔಷಧಿ. ಕೈಯ ನಾಳದಲ್ಲಿ ಮೂರ್ನಾಲ್ಕು ನಿಮಿಷ ಹರಿಸಿ ಹೃದಯದ ರಕ್ತನಾಳಗಳನ್ನು ಹಿಗ್ಗಿಸುತ್ತಾರೆ. ಜೊತೆಗೆ ಗ್ಯಾಡೊಲಿನಿಯಂ ಕೊಟ್ಟು ಚಿತ್ರ ತೆಗೆಯುತ್ತಾರೆ. ರಕ್ತ ತಲುಪಿದ ಸ್ನಾಯು ಬೆಳ್ಳಗಾಗುತ್ತದೆ, ಕೊರತೆ ಇದ್ದ ಭಾಗ ಕಪ್ಪಗೇ ಉಳಿಯುತ್ತದೆ. ಔಷಧಿ ಹೋಗುವಾಗ ಎದೆ ಭಾರವಾಗಿ ಮುಖ ಬಿಸಿಯಾಗುತ್ತದೆ. ನಿಲ್ಲಿಸಿದ ಮೇಲೆ ಬೇಗ ಇಳಿಯುತ್ತದೆ. ಯಂತ್ರದ ಗಡಗಡ ಸದ್ದಿನ ನಡುವೆ ‘ಉಸಿರು ಹಿಡೀರಿ’ ಅನ್ನುತ್ತಾರೆ, ಅಷ್ಟೇ. ಎಕ್ಸ್‌ರೇ ವಿಕಿರಣವೂ ಇಲ್ಲ.

ಈ ಎರಡೂ ದಾರಿಗಳನ್ನು ಹೋಲಿಸಿದ, 918 ರೋಗಿಗಳ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಆಂಜಿಯೋಗ್ರಾಂ ಮಾಡಿ ನಾಳದೊಳಗೆ ಒತ್ತಡ ಅಳೆದವರಲ್ಲಿ ನೂರಕ್ಕೆ 45 ಮಂದಿಗೆ ಸ್ಟೆಂಟ್ ಅಥವಾ ಬೈಪಾಸ್ ಆಯಿತು. ಎಂಆರ್‌ಐ ನೋಡಿ ಮುಂದುವರಿದವರಲ್ಲಿ ಸುಮಾರು 36 ಮಂದಿಗೆ. ವರ್ಷದ ಕೊನೆಗೆ ಎರಡೂ ಗುಂಪಿನ ಕ್ಷೇಮ ಒಂದೇ ಸಮ.

ಈಗ ಕಷ್ಟದ ಮಾತು. ಪರೀಕ್ಷೆಗೆ ಮುಂಚಿನ 24 ಗಂಟೆ ಕಾಫಿ, ಟೀ, ಚಾಕೊಲೇಟ್ ಕೂಡದು. ಕೆಫೀನ್ ಅಡೆನೊಸಿನ್‌ಗೆ ಅಡ್ಡ ನಿಲ್ಲುತ್ತದೆ; ನಾಳ ಹಿಗ್ಗದೆ, ಕೊರತೆ ಇದ್ದರೂ ಇಲ್ಲವೆಂದೇ ಚಿತ್ರ ಹೇಳೀತು. ಕಾಫಿ ಬೆಳೆಗಾರ ‘ಅರ್ಧ ಲೋಟ ತಾನೇ’ ಅನ್ನದೆ ಬಿಡುವುದಿಲ್ಲ. ಕುಡಿದದ್ದೇ ಆದರೆ ಮುಚ್ಚಿಡಬೇಡಿ, ಇನ್ನೊಂದು ದಿನ ಕೇಳಿ. ಉಬ್ಬಸ, ಕಿಡ್ನಿ ತೊಂದರೆ, ಪೇಸ್‌ಮೇಕರ್ ಇದ್ದರೂ ಮೊದಲೇ ಹೇಳಬೇಕು.

2025ರಲ್ಲಿ ನಮ್ಮ ಜಿಲ್ಲೆಯ ಹೃದಯಾಘಾತದ ಸುದ್ದಿಗಳಿಗೆ ಹೆದರಿ ಜನ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಮುಗಿಬಿದ್ದದ್ದು ನಿನಗೆ ಗೊತ್ತು. ಕೂತಲ್ಲೇ ಎದೆನೋವು ಬಂದು ಬೆವರಿದರೆ ಮೈಸೂರೂ ಬೇಡ, ಎಂಆರ್‌ಐ ತಾರೀಕೂ ಬೇಡ. ಸಕಲೇಶಪುರವೋ ಆಲೂರೋ, ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ಇಸಿಜಿ ಆಗಲಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಬೇಕಾದರೆ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಉಚಿತವಾಗಿ ಕೊಡುತ್ತಾರೆ.

ನೀನು ಒಂದು ದಿನ ಮೊದಲೇ ಬಾ. ಡಾಕ್ಟರ ಮಾತು ನಿಮ್ಮಪ್ಪ ಕೇಳುತ್ತಾನೆ. ಫಿಲ್ಟರ್ ಮಾತ್ರ ನೀನೇ ಎತ್ತಿಡಬೇಕು.

ಇಂತಿ,
ನಿನ್ನ ದೊಡ್ಡಪ್ಪ