ಎರಿ ಮಣ್ಣಿನ್ಯಾಗ ಲಿಂಬಿ ಹಚ್ಚೋದಾದ್ರ

ನಮ್ಮ ಶಲವಡಿ ಕಡೆ ಇಂಡಿಯಿಂದ ಕಾಗ್ಜಿ ಲಿಂಬಿ ಸಸಿ ತಂದು ಹಿತ್ತಲದಾಗ ಹಚ್ಚತಾರ. ಮಳಿಗಾಲ ಮುಗಿಯೋದ್ರಾಗ ಎಲಿ ಹಳದಿ ಆಗಿ ಗಿಡ ಸೊರಗೋದನ್ನ ನಾನು ಭಾಳ ಕಡೆ ನೋಡೀನಿ. ಲಗೂನ ಯೂರಿಯಾ ಹಾಕಬ್ಯಾಡ್ರಿ, ಮೊದಲು ಚಿಗುರೆಲೆ ನೋಡ್ರಿ. ನರ ಹಸಿರಿದ್ದು ನಡುವೆ ಹಳದಿಯಾಗಿದ್ದರೆ ಅದು ಕಬ್ಬಿಣದ ಕೊರತೆ. ಎರಿ ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಆದರೆ ಸುಣ್ಣದ ಅಂಶ ಹೆಚ್ಚಾಗಿ ಬೇರಿಗೆ ಸಿಗುವುದಿಲ್ಲ. ನೀರು ನಿಂತರಂತೂ ಬೇರೇ ಕೊಳೆಯುತ್ತದೆ.

ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಹೊಸ ಎಲೆಗೆ ಸಿಂಪಡಿಸ್ರಿ. ಮಣ್ಣಿಗೆ ಸುರಿದರೆ ದಂಡ.

ಹೊಸದಾಗಿ ಹಚ್ಚೋರು ಒಂದೂವರೆ ಅಡಿ ದಿಬ್ಬ ಮಾಡಿ ಹಚ್ಚರಿ. ಜಾಗ ಇಲ್ಲಾಂದ್ರ ತಳಕ್ಕ ತೂತು ಹೊಡೆದ ಅರ್ಧ ಡ್ರಮ್ ಸಾಕು; ಅದಕ್ಕ ಮಸಾರಿ ಮಣ್ಣು, ಉಸುಕು, ತಿಪ್ಪಿ ಗೊಬ್ಬರ. ಬೋರಿನ ನೀರು ಸವಳಿದ್ರ ಮಳಿ ನೀರು ಹಿಡಿದಿಟ್ಟು ಹಾಕ್ರಿ.