ಟ್ರಂಕಿನ ತುಂಬ ಬಟ್ಟೆ, ಉಡೋದು ನಾಲ್ಕೇ

 

ಅನ್ನ, ಬಟ್ಟೆ, ಮನೆ ಇವು ಮನುಷ್ಯನ ಮೂರು ಮುಖ್ಯ ಅವಶ್ಯಕತೆಗಳು ಎಂದು ನಾವು ಪಾಠದಲ್ಲಿ ಓದಿದ್ದೇವೆ. ಅನ್ನ ಉಳಿದರೆ ಮರುದಿನ ಹಳಸುತ್ತದೆ, ವಾಸನೆಯಿಂದ ಎಲ್ಲರಿಗೂ ಗೊತ್ತಾಗುತ್ತದೆ. ಬಟ್ಟೆ ಉಳಿದರೆ ಟ್ರಂಕು ಸೇರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಈ ಉಳಿದ ಬಟ್ಟೆಯ ಬಗ್ಗೆ ಇವತ್ತು ತಿಳಿಯೋಣ.

ಬಟ್ಟೆ ಯಾಕೆ ಕೂಡುತ್ತದೆ?
ಹಬ್ಬಕ್ಕೆ ಒಂದು ಜೊತೆ, ಜಾತ್ರೆಗೆ ಒಂದು ಜೊತೆ ಬರುತ್ತದೆ. ಮದುವೆಯಲ್ಲಿ ಆಯೇರಿ ಮಾಡಿದ ಸೀರೆ, ಉಡಿ ತುಂಬಿದ ಖಣ ಬರುತ್ತವೆ. ನಾವು ಮಕ್ಕಳು ಬೆಳೆಯುತ್ತೇವೆ, ಅಂಗಿ ಗಿಡ್ಡ ಆಗುತ್ತದೆ. ಆದರೂ ದೊಡ್ಡವರು "ಇರಲಿ ಬಿಡು, ಯಾವಾಗರ ಬೇಕಾಗ್ತದ" ಅಂತಾರೆ. ಆ 'ಯಾವಾಗರ' ಬರೋದೇ ಇಲ್ಲ.

ಹಾಗೇ ಇಟ್ಟರೆ ಏನಾಗುತ್ತದೆ?
ಒತ್ತಿ ತುಂಬಿದ ಟ್ರಂಕಿನಲ್ಲಿ ಗಾಳಿ ಆಡುವುದಿಲ್ಲ. ಮಳೆಗಾಲದಲ್ಲಿ ತೇವ ಹಿಡಿದು ಬೂಸು ಬರುತ್ತದೆ. ಉಣ್ಣೆ, ರೇಷ್ಮೆ ಬಟ್ಟೆಗಳನ್ನು ನುಸಿಯ ಮರಿಹುಳ ತಿನ್ನುತ್ತದೆ. ಗಂಜಿ ಹಾಕಿದ ಬಟ್ಟೆಗೂ ಹುಳ ಬೀಳುತ್ತದೆ. ಹತ್ತು ವರ್ಷ ಕಾಪಾಡಿದ ಸೀರೆ ಕೊನೆಗೆ ಮಡಿಕೆಯಲ್ಲೇ ಹರಿಯುತ್ತದೆ. ನಮಗೂ ಇಲ್ಲ, ಬೇರೆಯವರಿಗೂ ಇಲ್ಲ.

ಗಂಟು ಮಾಡುವ ರೀತಿ
ಮಹಾನವಮಿಗೆ ಘಟ ಹಾಕುವ ಮುಂಚೆ ನಮ್ಮ ಕಡೆ ಮನೆಯ ಹಾಸಿಗೆ, ಬಟ್ಟೆ ಎಲ್ಲ ಹಳ್ಳಕ್ಕೆ ಒಯ್ದು ಒಗೆಯುತ್ತಾರೆ. ಈ ಕೆಲಸಕ್ಕೆ ಅದೇ ಒಳ್ಳೆಯ ಸಮಯ. ನಮ್ಮ ಮನೆಯಲ್ಲಿ ಎಣಿಸಿದಾಗ ಟ್ರಂಕಿನಲ್ಲಿ 63 ಬಟ್ಟೆ ಇದ್ದವು. ಒಂದು ವರ್ಷದಲ್ಲಿ ಉಟ್ಟಿದ್ದು 27 ಮಾತ್ರ. ಉಳಿದ 36 ಬಟ್ಟೆಗಳನ್ನು ನಾಲ್ಕು ಗಂಟು ಮಾಡಿದೆವು.

1. ಕೊಡುವ ಗಂಟು (12): ಗಟ್ಟಿ ಇದ್ದು, ನಮಗೆ ಸಾಲದೆ ಬಂದದ್ದು.
2. ಕೌದಿ ಗಂಟು (15): ಹಳೆಯ ಸೀರೆ, ಅಜ್ಜನ ಧೋತರ.
3. ಒರೆಸುವ ಗಂಟು (6): ಹರಿದ ಹತ್ತಿ ಬಟ್ಟೆ. ಹತ್ತಿ ನೀರು ಹೀರುತ್ತದೆ. ಪಾಲಿಯೆಸ್ಟರ್ ಅಷ್ಟು ಹೀರುವುದಿಲ್ಲ.
4. ನೆನಪಿನ ಗಂಟು (3): ಅಜ್ಜನ ರುಮಾಲು, ಅವ್ವನ ಧಾರೆ ಸೀರೆ, ತಮ್ಮನ ಕುಂಚಿಗೆ.

ಅಜ್ಜ ಈಗ ಇಲ್ಲ. ರುಮಾಲು ಮುಟ್ಟಿದ ಕೂಡಲೇ ಅಜ್ಜಿ "ಅದನ್ನ ಒಂದು ಬಿಡ್ರಿ" ಅಂದಳು. ಬಿಟ್ಟೆವು. ನೆನಪಿನ ಬಟ್ಟೆ ಇಡಬೇಕು, ಆದರೆ ಎಲ್ಲ ಬಟ್ಟೆಗೂ ನೆನಪು ಅಂತ ಹೆಸರಿಟ್ಟರೆ ಟ್ರಂಕು ಖಾಲಿ ಆಗೋದಿಲ್ಲ.

ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳನ್ನು ಸುಡಬಾರದು. ಹೊಗೆ ಕೆಟ್ಟದ್ದು, ಕರಗಿ ಮೈಗೆ ಅಂಟಿದರೆ ಚರ್ಮ ಸುಡುತ್ತದೆ. ತಿಪ್ಪೆಗೂ ಹಾಕಬಾರದು, ಅವು ಹತ್ತಿಯ ಹಾಗೆ ಬೇಗ ಕೊಳೆಯುವುದಿಲ್ಲ.

ಕೌದಿ
ಹಳೆಯ ಬಟ್ಟೆಗೆ ಹೊಸ ಜೀವ ಕೊಡುವುದು ಕೌದಿ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರು ಇದನ್ನು ಕವಂದಿ ಎನ್ನುತ್ತಾರೆ. ಅಂಚಿನಿಂದ ಸುತ್ತ ಹೊಲಿಯುತ್ತ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ತುಂಡು ಬಟ್ಟೆ ಮಡಚಿ ಹೂವು ಇಡುತ್ತಾರೆ. ಎಲ್ಲ ಕೈಹೊಲಿಗೆಯೇ. ಅಜ್ಜನ ಧೋತರ ಈಗ ನಮ್ಮ ಕೌದಿಯ ಒಳಪದರ ಆಗಿದೆ. ಚಳಿಗೆ ಅದನ್ನೇ ಹೊದೆಯುತ್ತೇವೆ.

ಕೊಡುವುದು ಹೇಗೆ?
ಇದು ಬಹಳ ಮುಖ್ಯ. 2004ರ ಸುನಾಮಿಯ ನಂತರ ತಮಿಳುನಾಡಿಗೆ ಜನ ಕಳಿಸಿದ ಎಷ್ಟೋ ಬಟ್ಟೆ ಉಡಲು ಬಾರದೆ ರಸ್ತೆ ಬದಿ ರಾಶಿ ಬಿತ್ತು. ಮನೆ ಕಳಕೊಂಡವರಿಗೂ ಮಾನ ಇರುತ್ತದೆ. 'ಗೂಂಜ್' ಎಂಬ ಸಂಸ್ಥೆ ಅಂಥ ಬಟ್ಟೆಗಳನ್ನು ಆರಿಸಿ ಬೇರೆ ಉಪಯೋಗಕ್ಕೆ ತಂದಿತು. ಅದನ್ನು 1999ರಲ್ಲಿ ಆರಂಭಿಸಿದ ಅಂಶು ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಕೊಡುವ ಬಟ್ಟೆ ಒಗೆದಿರಬೇಕು, ಗುಂಡಿ ಹಚ್ಚಿರಬೇಕು, ಮಡಚಿರಬೇಕು. ಕೊಟ್ಟ ಮೇಲೆ ಸುಮ್ಮನಿರಬೇಕು. ನಮ್ಮ ಸಾಲಿಯಲ್ಲೇ ಒಬ್ಬಾಕಿ "ಇದು ನನ್ನ ಹಳೇ ಅಂಗಿ" ಅಂತ ಎಲ್ಲರ ಮುಂದೆ ಅಂದಳು. ಹಾಕಿಕೊಂಡಿದ್ದಾಕಿ ನಾಲ್ಕು ದಿನ ಸಾಲಿಗೆ ಬರಲಿಲ್ಲ. ಅಂಗಿ ಕೊಟ್ಟು ಮಾನ ತೆಗೆದರೆ ಅದು ಕೊಟ್ಟ ಹಾಗಲ್ಲ. ನಾನೂ ದೊಡ್ಡಮ್ಮನ ಮಗಳ ಅಂಗಿ ಹಾಕಿಕೊಳ್ಳುತ್ತೇನೆ. ನಮ್ಮ ಅಕ್ಕ ಒಂದು ದಿನವೂ ಎತ್ತಿ ಆಡಿಲ್ಲ. ಅದಕ್ಕೇ ಅದು ನನಗೆ ನನ್ನದೇ ಅನಿಸುತ್ತದೆ.

ಮಾಡಿ ನೋಡಿರಿ
1. ನಿಮ್ಮ ಮನೆಯ ಟ್ರಂಕಿನ ಬಟ್ಟೆ ಎಣಿಸಿರಿ. ಒಂದು ವರ್ಷ ಮುಟ್ಟದವು ಎಷ್ಟು?
2. ಗುಂಡಿ ಹಚ್ಚುವುದನ್ನು ಗಂಡುಹುಡುಗರೂ ಕಲಿಯಿರಿ.
3. ಬೇರೆಯವರ ಅಂಗಿ ಯಾರದೆಂದು ಕೇಳಬೇಡಿರಿ.

– 7ನೇ ತರಗತಿ ವಿದ್ಯಾರ್ಥಿನಿ